ಸಣ್ಣ ಬಟ್ಟಲಿನ ಬಯಕೆ ಊಟ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಎರಡೂ ಮುಕ್ಕಾಲು ಕೆ.ಜಿ. ತೂಕ, ತಲೆ ತುಂಬ ಕೂದಲು, ಅತ್ತರೆ ಬೀದಿಯವರೆಲ್ಲ ತಿರುಗಿ ನೋಡಬೇಕು. ನನ್ನ ಮೆಸ್ಸಿಗೆ ಊಟಕ್ಕೆ ಬರುವವರಿಗೆಲ್ಲ ಹೇಳಿ ಆಯಿತು. ತರಕಾರಿಯವನಿಗೆ ಹೇಳಿದೆ, ಸಿಲಿಂಡರ್ ತಂದವನನ್ನು ನಿಲ್ಲಿಸಿಕೊಂಡು ಹೇಳಿದೆ. ಉಳಿದವರು ನೀವು. ಬೇರೆಯವರ ಮನೆಗಳಲ್ಲಿ ಇನ್ನೂ ದೊಡ್ಡ ಮಗು ಹುಟ್ಟಿರಬಹುದು, ಅವರಿಗೂ ಒಳ್ಳೆಯದಾಗಲಿ. ಆದರೆ ನಮ್ಮ ಈ ಎರಡೂ ಮುಕ್ಕಾಲು ಕೆ.ಜಿ. ಹೇಗೆ ಕೂಡಿ ಬಂತು ಅನ್ನುವುದನ್ನು ಕೇಳಿದರೆ ನಾನು ಯಾಕೆ ಹೀಗೆ ಕುಣಿಯುತ್ತಿದ್ದೇನೆ ಅಂತ ನಿಮಗೆ ಗೊತ್ತಾಗುತ್ತದೆ.

ನಾನು ಶಾಲೆಯಲ್ಲಿ ಕಲಿತದ್ದು ಸ್ವಲ್ಪ. ಬರೆದದ್ದರಲ್ಲಿ ಕಾಗುಣಿತ ಮಗ ತಿದ್ದಿದ್ದಾನೆ, ಮಾತು ನನ್ನದೇ. ಇದರಲ್ಲಿ ಸೊಸೆಯ ಸಂಗತಿ ಬಹಳ ಬರುತ್ತದೆ. "ಬರೀರಿ ಅತ್ತೆ, ಇನ್ನೊಬ್ಬಳಿಗೆ ಉಪಯೋಗ ಆಗ್ಲಿ" ಅಂತ ಅವಳೇ ಹೇಳಿದ ಮೇಲೆ ಕೂತಿದ್ದೇನೆ.

ಮೈಸೂರಿನ ಮೇಟಗಳ್ಳಿಯ ಕಾರ್ಖಾನೆಗಳ ಬಳಿ ನನ್ನದೊಂದು ಮುದ್ದೆ ಮೆಸ್ ಇದೆ. ಕೆಲವು ವರ್ಷಗಳ ಹಿಂದೆ ನಾನು ಈಗಿನ ಎರಡರಷ್ಟು ಇದ್ದೆ. ಮಂಡಿ ಸವೆದು, ಸಕ್ಕರೆ ಕಾಯಿಲೆ ಏರಿ, ಒಲೆಯ ಮುಂದೆ ನಿಲ್ಲಲಾಗದ ಸ್ಥಿತಿ. ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿ ತೂಕ ಇಳಿಸುವ ಆಪರೇಷನ್ ಮಾಡಿದರು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಗೊತ್ತಾಯಿತು, ನಿಜವಾದ ಕೆಲಸ ಅಲ್ಲಿಂದಾಚೆಗೆ ಇದೆ ಅಂತ. ಹೇಗೆ ತಿನ್ನಬೇಕು, ಹೇಗೆ ಕುಡಿಯಬೇಕು ಅನ್ನುವುದನ್ನು ಮಗುವಿನ ಹಾಗೆ ಮೊದಲಿಂದ ಕಲಿಯಬೇಕು. ಅದಕ್ಕಾಗಿ ಆಸ್ಪತ್ರೆಯಲ್ಲಿ ತಿಂಗಳಿಗೊಂದು ಶನಿವಾರ ಆಪರೇಷನ್ ಆದವರ ಗುಂಪು ಸೇರುತ್ತದೆ. ಡಯಟ್ ಮೇಡಂ ಇರುತ್ತಾರೆ, ಹಳಬರು ನಾವಿರುತ್ತೇವೆ, ಹೊಸಬರು ಹೆದರಿಕೊಂಡು ಬರುತ್ತಾರೆ. ಮಾತ್ರೆ, ಔಷಧಿಯ ಮಾತು ನಾವು ಆಡುವುದಿಲ್ಲ, ಅದು ಡಾಕ್ಟರ ಕೆಲಸ. "ನನಗೂ ಹೀಗೇ ಆಗಿತ್ತು, ನಾನು ಹೀಗೆ ಮಾಡಿದೆ" ಅಂತ ಹೇಳುವುದು ನಮ್ಮದು. ಇನ್ನೊಂದು ಕಟ್ಟುನಿಟ್ಟು ಇದೆ. ಅಲ್ಲಿ ಕೇಳಿದ ಇನ್ನೊಬ್ಬರ ವಿಷಯ ಆಸ್ಪತ್ರೆಯ ಗೇಟು ದಾಟಬಾರದು.

ಆ ಗುಂಪಿನಲ್ಲಿ ನನ್ನ ಪಾಲಿಗೆ ಬಂದ ಪಾಠ ಮುದ್ದೆಯದು. ನಮ್ಮ ಕಡೆಯವರು ಮುದ್ದೆ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುತ್ತಾರೆ. ಅಗಿಯುವವನನ್ನು ಕಂಡರೆ ಪಂಕ್ತಿಯೇ ನಗುತ್ತದೆ. ಡಯಟ್ ಮೇಡಂ "ಮೆತ್ತನೆಯದು ತಿನ್ನಬಹುದು" ಅಂದ ಕೂಡಲೇ ಎಲ್ಲರೂ ಮುದ್ದೆಗೆ ಕೈ ಹಾಕುತ್ತಾರೆ, ಮೆತ್ತಗಿದೆಯಲ್ಲ! ನುಂಗಿದ್ದು ಹೋಗಿ ಎದೆಯಲ್ಲಿ ಕಲ್ಲಿನ ಹಾಗೆ ಕೂರುತ್ತದೆ. ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು, ಆಮೇಲೆ ವಾಂತಿ. ನನಗೂ ಆಗಿತ್ತು. ಅದಕ್ಕೆ ನಾನು ಡಬ್ಬಿಯಲ್ಲಿ ಮುದ್ದೆ ಒಯ್ದು, ಕಡಲೆಕಾಳಿನ ಗಾತ್ರ ಮುರಿದು ಕೊಟ್ಟು, ಎದುರಿಗೆ ಕೂತು ಅಗಿಸುತ್ತೇನೆ.

ಹಾಗೆ ನನ್ನ ಮುಂದೆ ಕೂತು ಅಗಿದವರಲ್ಲಿ ಒಬ್ಬಳು ಹುಡುಗಿ. ತಾಯಿ ತೀರಿಹೋಗಿದ್ದರು. ತಂದೆ ಬೇರೆ ಸಂಸಾರ ಮಾಡಿಕೊಂಡು ದೂರದಲ್ಲಿದ್ದರು. ಆಸ್ಪತ್ರೆಗೂ ಒಬ್ಬಳೇ ಬಂದು ಒಬ್ಬಳೇ ಹೋಗುತ್ತಿದ್ದಳು.

"ಆಂಟಿ, ಮುದ್ದೆ ಅಗಿಯೋದಾ? ನಮ್ಮ ತಾತ ನೋಡಿದ್ರೆ ಪಂಕ್ತಿಯಿಂದ ಎಬ್ಬಿಸ್ಬುಡ್ತಿದ್ರು."

"ನಿಮ್ಮ ತಾತನ ಹೊಟ್ಟೆ ಹಂಡೆ ಅಂಗಿತ್ತೇನೋ ಕಣಮ್ಮ. ನಿಂದು ಈಗ ನಿಂಬೆಹಣ್ಣು. ಅಗಿ."

ಅಗಿಯುತ್ತಾ ನಕ್ಕಳು. ಆ ನಗುವನ್ನು ಬಾಗಿಲ ಹತ್ತಿರ ಕೂತಿದ್ದ ನನ್ನ ಮಗನೂ ನೋಡಿದ. ನನ್ನನ್ನು ಸ್ಕೂಟರಿನಲ್ಲಿ ಬಿಡಲು ಬರುತ್ತಿದ್ದವನು ಅವನು. ಅಲ್ಲಿಯವರೆಗೆ "ಎಷ್ಟ್ ಹೊತ್ತಮ್ಮ ನಿಂದು" ಅಂತ ಗೊಣಗುತ್ತಿದ್ದವನು ಆಮೇಲೆ "ಶನಿವಾರ ಮೀಟಿಂಗಲ್ವಾ" ಅಂತ ನನಗೇ ನೆನಪಿಸತೊಡಗಿದ. ನನಗೆ ಅರ್ಥವಾಗಲು ಕಷ್ಟವೇನಿರಲಿಲ್ಲ.

ಮದುವೆ ಗೊತ್ತಾದಾಗ ಅವಳು ಕೇಳಿಕೊಂಡದ್ದು ಒಂದೇ. ತನಗೆ ಆಪರೇಷನ್ ಆಗಿರುವುದು, ತಾನು ಹಿಂದೆ ದಪ್ಪ ಇದ್ದದ್ದು ನಮ್ಮ ನೆಂಟರಿಗೆ ಗೊತ್ತಾಗಬಾರದು. ಯಾಕೆ ಹಾಗೆ ಕೇಳಿದಳು ಅಂತ ನನಗೆ ಗೊತ್ತಿತ್ತು. ನಿಶ್ಚಿತಾರ್ಥದ ಊಟದಲ್ಲಿ ನಮ್ಮಕ್ಕ ಬಡಿಸುವವನನ್ನು ಕೂಗಿ ಹೇಳಿದ್ದಳು: "ನಮ್ ತಂಗಿ ಎಲೆಗೆ ಗುಬ್ಬಿಗಾಕೋ ಅಷ್ಟ್ ಹಾಕಪ್ಪ, ಹೊಟ್ಟೆ ಕತ್ತರಿಸ್ಕೊಂಡು ಬಂದವ್ಳೆ!" ಪಂಕ್ತಿಯವರೆಲ್ಲ ನಕ್ಕರು, ನಾನೂ ನಕ್ಕೆ. ನನಗೆ ಅಭ್ಯಾಸ. ಪಕ್ಕದಲ್ಲಿದ್ದ ಹುಡುಗಿ ಮಾತ್ರ ತಲೆ ಎತ್ತಲಿಲ್ಲ.

ಅಕ್ಕನ ಬಗ್ಗೆ ಹೇಳಬೇಕು. ಲಕ್ಷ್ಮೀಪುರಂನಲ್ಲಿ ಅವಳ ಮನೆ. ನನಗಿಂತ ದೊಡ್ಡವಳು, ಬಾಯಿ ಜೋರು, ಕೈ ಇನ್ನೂ ಜೋರು. ಅವಳು ಬಡಿಸುವಾಗ ಬೇಡ ಅಂತ ಎಲೆಯ ಮೇಲೆ ಕೈ ಅಡ್ಡ ಇಟ್ಟರೆ ಕೈಯ ಮೇಲೇ ಬಡಿಸುತ್ತಾಳೆ. "ಸಾಕು" ಅನ್ನುವ ಮಾತನ್ನು ಅವಳು ಕಿವಿಗೆ ಹಾಕಿಕೊಂಡದ್ದನ್ನು ನಾನು ಕಂಡಿರಲಿಲ್ಲ.

ಆಪರೇಷನ್ ಆಗಿ ಒಂದೂವರೆ ವರ್ಷ ಕಾದು ಮಗು ಮಾಡಿಕೊಳ್ಳಿ ಅಂತ ಡಾಕ್ಟರು ಹೇಳಿದ್ದರು. ಕಾದರು. ಸೊಸೆ ಬಸುರಿಯಾದಳು. ಹೆರಿಗೆ ಡಾಕ್ಟರೂ ನಮ್ಮ ಡಾಕ್ಟರಮ್ಮನೂ ಮಾತಾಡಿಕೊಂಡೇ ಎಲ್ಲ ನೋಡಿಕೊಂಡರು. ಬೆಳಿಗ್ಗೆ ಕಬ್ಬಿಣದ ಮಾತ್ರೆ, ಅದರ ಜೊತೆ ನಿಂಬೆಹಣ್ಣಿನ ನೀರು. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿನಲ್ಲಿ, ಎರಡನ್ನೂ ಒಟ್ಟಿಗೆ ನುಂಗಿದರೆ ಒಂದು ಇನ್ನೊಂದನ್ನು ಮೈಗೆ ಸೇರಗೊಡುವುದಿಲ್ಲವಂತೆ. ಊಟದ ಜೊತೆ ನೀರಿಲ್ಲ, ಊಟವಾಗಿ ಅರ್ಧ ಗಂಟೆಯ ಮೇಲೆ ಗುಟುಕು ಗುಟುಕಾಗಿ. ಬಸುರಿಯರಿಗೆಲ್ಲ ಸಕ್ಕರೆ ನೀರು ಕುಡಿಸಿ ರಕ್ತ ಪರೀಕ್ಷೆ ಮಾಡುತ್ತಾರಲ್ಲ, ಅದು ಇವಳಿಗೆ ಬೇಡ ಅಂದರು. ಅದರ ಬದಲು ಒಂದು ವಾರ ಮನೆಯಲ್ಲೇ ಬೆರಳು ಚುಚ್ಚಿ ನೋಡಿಕೊಂಡೆವು. ಇವಳದು ಬೈಪಾಸ್ ಆಪರೇಷನ್. ಹೊಟ್ಟೆಯಲ್ಲಿ ಸಣ್ಣ ಚೀಲವೊಂದನ್ನು ಉಳಿಸಿ ಕರುಳನ್ನು ಅದಕ್ಕೇ ಜೋಡಿಸಿರುತ್ತಾರೆ. ಸಿಹಿ ಬಿದ್ದರೆ ನಿಲ್ಲದೆ ಸರ್ರನೆ ಕರುಳಿಗೆ ಇಳಿಯುತ್ತದೆ. ಬೆವರು, ಎದೆ ಡವಡವ, ತಲೆ ಸುತ್ತು, ಹೊಟ್ಟೆ ನುಲಿತ. ಗುಂಪಿನಲ್ಲಿ ನಾವು ಇದಕ್ಕೆ "ಸಿಹಿ ಹೊಡೆತ" ಅನ್ನುತ್ತೇವೆ.

ಇಷ್ಟೆಲ್ಲ ಗೊತ್ತಿದ್ದೂ ಬಯಕೆಯ ದಿನ ಹೊಡೆತ ತಿಂದೆವು.

ಬಯಕೆ ಊಟ ಹಾಕಬೇಕಾದ್ದು ತವರಿನವರು. ಅವಳಿಗೆ ತವರಿಲ್ಲ ಅಂತ ಅಕ್ಕನೇ ಸೆರಗು ಸಿಕ್ಕಿಸಿ ನಿಂತಳು. "ತವರಿಲ್ದಿದ್ರೇನು, ನಾನ್ ಸತ್ತೋಗಿದೀನಾ?" ಅಂದಳು. ಆ ಪ್ರೀತಿಗೆ ನಾನು ಏನು ಹೇಳಲಿ? ಹಸಿರು ಬಳೆ ತೊಡಿಸಿ, ಮೊಗ್ಗಿನ ಜಡೆ ಹಾಕಿಸಿ, ಸೊಸೆಯ ಮುಂದೆ ದೊಡ್ಡ ಬಾಳೆಲೆ ಹರಡಿದಳು. ಚಿತ್ರಾನ್ನ, ಮೊಸರನ್ನ, ಪುಳಿಯೋಗರೆ, ಕೋಸಂಬರಿ, ಹೋಳಿಗೆ, ಚಿರೋಟಿ. ನಾನೊಂದು ಉಪಾಯ ಮಾಡಿದ್ದೆ. ಎಲ್ಲದರಲ್ಲೂ ಚಿಟಿಕೆ ಚಿಟಿಕೆ ಬಡಿಸಿ, ಆರತಿಯಾದ ಕೂಡಲೇ ಎಲೆ ಎತ್ತಿಬಿಡುವುದು ಅಂತ. ಅಷ್ಟರಲ್ಲಿ ಅಕ್ಕ ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ, ಸಕ್ಕರೆ ಹಾಲು ಸುರಿದು, ತನ್ನ ಕೈಯಲ್ಲೇ ಬಾಯಿಗೆ ಹಿಡಿದಳು.

"ಇಬ್ರ ಊಟ ಒಬ್ಳೇ ಮಾಡ್ಬೇಕು ಕಣವ್ವ. ಆ ಅನ್ನು."

"ಸಾಕಕ್ಕ, ಅವಳಿಗೆ ಸೇರಲ್ಲ" ಅಂದೆ.

"ನಿಂದು ಬುಡು, ನಿಂಗೆ ಹೊಟ್ಟೆನೇ ಇಲ್ಲ. ಅವಳಿಗೇನಾಗೈತೆ?"

ಅವಳಿಗೇನಾಗಿದೆ ಅಂತ ಹೇಳುವ ಹಾಗಿಲ್ಲ. ಸೊಸೆ ನನ್ನ ಮುಖ ನೋಡಿದಳು. ನೆಂಟರು ಅವಳ ಮುಖ ನೋಡುತ್ತಿದ್ದರು. ಬಾಯಿ ತೆರೆದಳು. ಅಕ್ಕನಾದ ಮೇಲೆ ಇನ್ನೊಬ್ಬರು, ಅವರಾದ ಮೇಲೆ ಮತ್ತೊಬ್ಬರು. ಆರತಿ ಮುಗಿಯುವಷ್ಟರಲ್ಲಿ ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿತ್ತು. ಮಗ ಎತ್ತಿಕೊಂಡ ಹಾಗೆ ಕರೆದೊಯ್ದು ಮಲಗಿಸಿದ. ಅಕ್ಕ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, "ಎಷ್ಟ್ ದೃಷ್ಟಿಯಾಗೈತೆ ನೋಡಿ, ಘಾಟೇ ಬರ್ತಿಲ್ಲ" ಅಂದಳು. ನಾನು ಒಳಗೆ ಸೊಸೆಯ ಕಾಲು ಒತ್ತುತ್ತಾ ಕೂತಿದ್ದೆ.

ಹೊಡೆತ ಒಂದೆರಡು ಗಂಟೆಯಲ್ಲಿ ಇಳಿಯಿತು. ಹೆದರಿಕೆ ಇಳಿಯಲಿಲ್ಲ. ಅವತ್ತಿನಿಂದ ಅನ್ನ ಕಂಡರೆ ಹಿಂದೆ ಸರಿಯತೊಡಗಿದಳು. ಎರಡು ತುತ್ತು ತಿಂದರೆ ಎದೆ ಹಿಡಿದುಕೊಂಡು ಕೂರುವಳು. ಮುಂದಿನ ಸ್ಕ್ಯಾನಿನಲ್ಲಿ ಹೆರಿಗೆ ಡಾಕ್ಟರು ಬಹಳ ಹೊತ್ತು ಪರದೆ ನೋಡಿದರು. ಆಮೇಲೆ, "ಮಗು ತಿಂಗಳಿಗೆ ತಕ್ಕ ಹಾಗೆ ಬೆಳೆದಿಲ್ಲ. ತಾಯಿಗೆ ಪ್ರೋಟೀನ್ ಹೋಗಬೇಕು. ಕೆಲವು ವಾರ ನೋಡೋಣ, ಬೆಳವಣಿಗೆ ಹೀಗೇ ನಿಂತರೆ ಬೇಗ ಹೆರಿಗೆ ಮಾಡಿಸಬೇಕಾಗಬಹುದು" ಅಂದರು. ಆಟೋದಲ್ಲಿ ಮನೆಗೆ ಬಂದೆವು. ಬಾಗಿಲಲ್ಲಿ ಸೊಸೆ ಅಂದಳು: "ನನ್ನ ಹೊಟ್ಟೆ ಚಿಕ್ಕದು ಮಾಡಿಸ್ಕೊಂಡಿದ್ದಕ್ಕೆ ಮಗುನೂ ಚಿಕ್ಕದಾಗ್ತಿದೆ ಅಲ್ವಾ ಅತ್ತೆ?"

ನನ್ನ ಕೈಯಲ್ಲಿ ಅಡುಗೆ ಇದೆ, ನನಗೆ ಈ ದಾರಿ ಗೊತ್ತಿದೆ, ನಾನೊಬ್ಬಳೇ ನೋಡಿಕೊಳ್ಳುತ್ತೇನೆ ಅಂತ ಹೊರಟೆ. ಮೆಸ್ಸಿನ ಕೆಲಸದ ನಡುನಡುವೆ ಹಿಂಬದಿಯ ನಮ್ಮ ಮನೆಗೆ ಓಡಿ ಬರುವುದು. ಬೇಯಿಸಿದ ಮೊಟ್ಟೆ, ಹೆಸರುಕಾಳಿನ ಕಟ್ಟು, ಕಿವುಚಿದ ಪನೀರ್, ಗಟ್ಟಿ ಮೊಸರು. ಎದುರಿಗೆ ಕೂತು "ಅಗಿ, ಇನ್ನೊಂದ್ ಚೂರು, ಅಗಿ" ಅನ್ನುವುದು. ಅತ್ತ ಅಕ್ಕ ಮಗು ಚಿಕ್ಕದು ಅಂತ ಕೇಳಿದ್ದೇ ತಡ, ದಿನಾ ಲಕ್ಷ್ಮೀಪುರಂನಿಂದ ಬಸ್ಸಿನಲ್ಲಿ ಡಬ್ಬಿ ಹಿಡಿದು ಬರತೊಡಗಿದಳು. ರವೆ ಉಂಡೆ, ಗಸಗಸೆ ಪಾಯಸ, ತುಪ್ಪ ಸೋರುವ ಹಲ್ವ. ಅವಳ ಮುಂದೆ ಚೂರು ತಿಂದ ಹಾಗೆ ಮಾಡಿ, ಅವಳು ಹೋದ ಮೇಲೆ ಸೊಸೆ ಬೆವರುತ್ತಾ ಮಲಗುವುದು. ಹೀಗೆ ಕೆಲವು ದಿನ ನಡೆದ ಮೇಲೆ ಒಂದು ಮಧ್ಯಾಹ್ನ ನಾನು ಬಟ್ಟಲು ಹಿಡಿದು ಹೋದರೆ ಸೊಸೆ ಗೋಡೆಗೆ ಮುಖ ಮಾಡಿದಳು.

"ಅತ್ತೆ, ಬೇಜಾರ್ ಮಾಡ್ಕೋಬೇಡಿ. ನಿಮ್ ಕಾಲ್ ಸಪ್ಪಳ ಕೇಳಿದ್ರೇ ಹೊಟ್ಟೆ ಹಿಂಡುತ್ತೆ."

ಬಟ್ಟಲು ಹಿಡಿದುಕೊಂಡು ವಾಪಸ್ಸು ಬಂದೆ. ಮೆಸ್ಸಿನಲ್ಲಿ ಊಟಕ್ಕೆ ಜನ ಕೂತಿದ್ದರು, ಮುದ್ದೆ ಕಟ್ಟುತ್ತಾ ಯೋಚಿಸಿದೆ. ಮೊದಲು ಇವಳು ನನ್ನ ಕೈಯಿಂದ ಎಷ್ಟು ಚೆನ್ನಾಗಿ ತಿನ್ನುತ್ತಿದ್ದಳು! ಆಗ ನಾನೊಬ್ಬಳೇ ಇರಲಿಲ್ಲ. ಸುತ್ತ ಗುಂಪು ಇತ್ತು, ಎಲ್ಲರೂ ಅದೇ ಸಣ್ಣ ಬಟ್ಟಲಿನವರು, ಎಲ್ಲರೂ ಅಗಿಯುವವರು. ಮದುವೆಯಾದ ಮೇಲೆ ಅವಳು ಗುಂಪಿಗೆ ಬರುವುದನ್ನೇ ಬಿಟ್ಟಿದ್ದಳು, ಯಾರಾದರೂ ನೆಂಟರು ನೋಡಿಬಿಟ್ಟರೆ ಅಂತ.

ಆ ಶನಿವಾರ ಬಾ ಅಂತ ಕರೆದೆ. ಒಲ್ಲೆ ಅಂದಳು, ಆಮೇಲೆ ಏನನ್ನಿಸಿತೋ ಚಪ್ಪಲಿ ಹಾಕಿಕೊಂಡಳು.

ಗುಂಪಿನಲ್ಲಿ ನನ್ನ ಜೊತೆಯ ಹಳಬರು ಇಬ್ಬರು, ಬರೆಯುವುದಕ್ಕೆ ಅವರೂ ಒಪ್ಪಿದ್ದಾರೆ. ಒಬ್ಬರು ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತಿಯಾದವರು, ಇನ್ನೊಬ್ಬರು ಟೀಚರಮ್ಮ, ಚರ್ಚಿನ ಹತ್ತಿರದ ಮನೆಯವರು. ಸೊಸೆಯ ಹೊಟ್ಟೆ ನೋಡಿ ಟೀಚರಮ್ಮ ಓಡಿ ಬಂದು ತಬ್ಬಿಕೊಂಡರು. ಅವಳು ಅಲ್ಲೇ ಅಳಲು ಶುರು ಮಾಡಿದಳು. ಎಲ್ಲ ಹೇಳಿಕೊಂಡಳು. ಡಯಟ್ ಮೇಡಂ ಅಳು ನಿಲ್ಲುವವರೆಗೂ ಕಾದು, "ಆಪರೇಷನ್ ಆದವರಿಗೆ ಆರೋಗ್ಯವಾದ ಮಕ್ಕಳು ಹುಟ್ಟುತ್ತಾರೆ. ನಿಮ್ಮ ಹೊಟ್ಟೆ ಚಿಕ್ಕದಿರುವುದು ತೊಂದರೆಯಲ್ಲ, ನೀವು ದಿನಕ್ಕೆ ಎರಡು ಸಲ ಮಾತ್ರ ತಿನ್ನುತ್ತಿರುವುದು ತೊಂದರೆ. ಆರು ಸಲ ತಿನ್ನಬೇಕು, ಪ್ರತಿ ಸಲ ಪ್ರೋಟೀನ್ ಮೊದಲು" ಅಂದರು.

"ಆರ್ ಸಲ ಒಬ್ರೇ ತಿನ್ನಿಸಿದ್ರೆ ತಿನ್ನೋರಿಗೂ ಸಾಕು, ತಿನ್ನಿಸೋರಿಗೂ ಸಾಕು" ಅಂದರು ಕಂಡಕ್ಟರು. "ಶಿಫ್ಟ್ ಮಾಡ್ರೀ! ಬೆಳಗಿನ ಟ್ರಿಪ್ಪು ನಂದು. ಮೊಟ್ಟೆ ತರ್ತೀನಿ, ನಾನೂ ಅಲ್ಲೇ ತಿಂತೀನಿ."

ಟೀಚರಮ್ಮ ಸೊಸೆಯ ಗಲ್ಲ ಹಿಡಿದು ಹೇಳಿದ್ದು ನನ್ನ ಎದೆಯಲ್ಲಿ ಕೂತಿದೆ. "ತವರಿಲ್ಲ ಅಂದ್ಯಲ್ಲ ಮಗು, ನಾವೆಲ್ಲ ಯಾರು? ಬಯಕೆ ಒಂದೇ ದಿನ ಮುಗೀಬೇಕು ಅಂತ ಎಲ್ಲಿದೆ? ದಿನಾ ಒಂದೊಂದು ಬಟ್ಟಲು ಮಾಡೋಣ, ಹೆರಿಗೆ ತನಕ."

ನನಗೆ ಆ ಕ್ಷಣಕ್ಕೇ ಹಿಡಿಸಿಬಿಟ್ಟಿತು. ಆದರೆ ತೊಡಕೊಂದಿತ್ತು. ಇವರೆಲ್ಲ ದಿನಾ ಮನೆಗೆ ಬಂದರೆ ಅಕ್ಕ ಯಾರು, ಏನು ಅಂತ ಕೇಳದೆ ಬಿಡುವವಳಲ್ಲ. ಗುಟ್ಟು ಸೊಸೆಯದು. ಅತ್ತೆಯಾಗಿ ನಾನು ಹೇಳಿಬಿಡಬಹುದಿತ್ತೇನೋ, ಗುಂಪಿನವಳಾಗಿ ಹೇಳುವ ಹಾಗಿರಲಿಲ್ಲ. ಮನೆಗೆ ಬರುವಾಗ ಆಟೋದಲ್ಲಿ ಬಾಯಿ ಕಟ್ಟಿಕೊಂಡು ಕೂತಿದ್ದೆ, ಅದು ನನಗೆ ಎಷ್ಟು ಕಷ್ಟ ಅಂತ ನನ್ನನ್ನು ಬಲ್ಲವರಿಗೆ ಗೊತ್ತು. ರೈಲ್ವೆ ಗೇಟಿನ ಹತ್ತಿರ ಆಟೋ ನಿಂತಾಗ ಅವಳೇ ಅಂದಳು: "ನಾಳೆ ದೊಡ್ಡತ್ತೆ ಬರ್ತಾರಲ್ಲ, ನಾನೇ ಹೇಳ್ತೀನಿ. ನೀವು ಪಕ್ಕದಲ್ಲಿ ಕೂತಿರಿ ಸಾಕು."

ಮಾರನೆಯ ದಿನ ಅಕ್ಕ ಕೇಸರಿಬಾತ್ ತಂದಿದ್ದಳು. ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ ಹಾಗೇ ಸೊಸೆ ಮೊಬೈಲು ಹಿಡಿದಳು. ಅದರಲ್ಲಿ ಅವಳ ಹಳೆಯ ಫೋಟೋ.

"ಇದ್ಯಾರವ್ವ? ನಿಮ್ ಕಡೆಯೋರಾ?"

"ನಾನೇ ದೊಡ್ಡತ್ತೆ."

ಅಕ್ಕ ಮೊಬೈಲನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು. "ಅಯ್ಯೋ, ಎಷ್ಟ್ ಲಕ್ಷಣವಾಗಿ ತುಂಬ್ಕೊಂಡಿದ್ದೆ! ಎಲ್ಲೋಯ್ತೆ ಅಷ್ಟೂ?"

ಸೊಸೆ ಹೇಳಿದಳು. ಆಗ ಮೆಟ್ಟಿಲು ಹತ್ತಲು ಆಗದೆ ಇದ್ದದ್ದು, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿದ್ದದ್ದು, ಆಪರೇಷನ್ನು, ಬಯಕೆಯ ದಿನ ಮೈಯಲ್ಲಿ ಏನಾಯಿತು ಅನ್ನುವುದು. ಕೊನೆಗೆ ಮಗುವಿನ ಸ್ಕ್ಯಾನು. ಅಕ್ಕ ಡಬ್ಬಿಯ ಮುಚ್ಚಳ ಮುಚ್ಚಿದಳು, ಅದನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಅಂದ್ರೆ ಅವತ್ತು ನಿಂಗೆ ದೃಷ್ಟಿಯಾಗಿರಲಿಲ್ಲ. ನಾನಾಗಿದ್ದೆ."

"ನೀವು ಆಸೆಯಿಂದ ಕೊಟ್ರಿ. ನಾನೇ ಹೇಳಿರಲಿಲ್ಲ."

ಅಕ್ಕ ನನ್ನ ಕಡೆ ತಿರುಗಿದಳು. "ಲೇ, ನಿಂಗ್ ಗೊತ್ತಿತ್ತು. ಗೊತ್ತಿದ್ದೂ ಕಂಬದ್ ತರ ನಿಂತಿದ್ಯಲ್ಲೇ!"

"ಸಾಕಕ್ಕ ಅಂದೆ. ನೀನ್ ಯಾವತ್ತು ಸಾಕು ಅಂದಿದ್ ಕೇಳಿದೀಯಾ?"

"ಕೂಗಿ ಹೇಳ್ಬೇಕಿತ್ತು!" ಅಂತ ಅವಳೇ ಕೂಗಿದಳು. ಆಮೇಲೆ ಕಣ್ಣೊರೆಸಿಕೊಂಡು, "ಪಂಕ್ತಿಯಲ್ಲಿ ನಿಂಗೆ ಅಂಗಂದೆ ಅಂತ ತಾನೇ ಈ ಮಗು ನಂಗೆ ಹೇಳ್ದೇ ಇದ್ದದ್ದು" ಅಂದಳು. ಮಡಿಲಿನ ಡಬ್ಬಿ ಎತ್ತಿದಳು. "ಸರಿ, ಈ ಕೇಸರಿಬಾತ್ ಏನ್ ಮಾಡ್ಲಿ ಈಗ?"

ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ ನನ್ನ ಮಗ ಒಂದು ಚಮಚ ಹಿಡಿದು ಒಳಗೆ ಬಂದ. ಮೊದಲು ನಕ್ಕವಳು ಸೊಸೆ.

ಅಲ್ಲಿಂದ ನಮ್ಮ ಕೆಲಸ ಶುರುವಾಯಿತು. ಸ್ಟೀಲಿನ ಸಣ್ಣ ಬಟ್ಟಲು, ಟೀ ಚಮಚ, ಇಷ್ಟೇ ಸಾಮಾನು. ಬೆಳಿಗ್ಗೆ ಕಂಡಕ್ಟರು ಮೊಟ್ಟೆಯ ಬುರ್ಜಿ ಹಿಡಿದು ಬರುವರು, ತಮ್ಮದೂ ಒಂದು ಬಟ್ಟಲು ಇಟ್ಟುಕೊಂಡು ಎದುರಿಗೆ ಕೂರುವರು. ತುತ್ತು ಬಾಯಿಗಿಟ್ಟ ಮೇಲೆ "ಹೋಲ್ಡಾನ್" ಅನ್ನುವರು, ಅಗಿದು ಇಳಿದ ಮೇಲೆ "ರೈಟ್ ರೈಟ್". ಸೊಸೆಗೆ ನಗು ತಡೆಯಲು ಆಗುತ್ತಿರಲಿಲ್ಲ. ಮಧ್ಯಾಹ್ನದ ಬಟ್ಟಲು ಟೀಚರಮ್ಮನದು, ಮುಳ್ಳು ತೆಗೆದು ಹಬೆಯಲ್ಲಿ ಬೇಯಿಸಿದ ಮೀನು, ಇಲ್ಲವೇ ಮೆತ್ತಗೆ ಬೆಂದ ಬೇಳೆ. ಬರುವಾಗ ದಿನಾ ಒಂದು ಮೊಳ ಮೈಸೂರು ಮಲ್ಲಿಗೆ ತಂದು ತಾವೇ ಮುಡಿಸುವರು, ಬಯಕೆಯಲ್ಲವೇ! ನಡುವಿನ ಹೊತ್ತಿಗೆ ನಾನು ಮೊಸರು, ಹೆಸರುಕಾಳು, ಹುರಿಗಡಲೆ ಪುಡಿ ಕಲಸಿದ ಮಜ್ಜಿಗೆ. ರಾತ್ರಿಯದು ಮಗನ ಪಾಲು. ಯಾರೂ "ತಿನ್ನು" ಅನ್ನುವ ಹಾಗಿಲ್ಲ, ಜೊತೆಗೆ ಕೂತು ತಾವು ತಿನ್ನಬೇಕು. ಡಯಟ್ ಮೇಡಂ ಫೋನಿನಲ್ಲಿ ಏನೇನು ಹೋಯಿತು ಅಂತ ಕೇಳಿಕೊಂಡು, ಇದು ಹೆಚ್ಚಿಸಿ, ಅದು ಬಿಡಿ ಅಂತ ಹೇಳುವರು.

ಸಾಯಂಕಾಲದ ಬಟ್ಟಲು ಅಕ್ಕ ಕೇಳಿ ತೆಗೆದುಕೊಂಡಳು. ಮೊದಲ ದಿನ ನಾಟಿ ಕೋಳಿ ಸಾರು ತಂದಳು, ಒಳ್ಳೆಯದೇ, ಆದರೆ ಕ್ಯಾರಿಯರ್ ತುಂಬ! ಬಟ್ಟಲು ತೋರಿಸಿದೆ.

"ಇದೇನೇ ಇದು, ಬೆಕ್ಕಿಗೆ ಹಾಲಿಡ್ತೀಯಾ?"

"ಇಷ್ಟೇ ಅಕ್ಕ. ಮೆತ್ತನೆ ತುಂಡು ಬಿಡಿಸಿ ಹಾಕು, ಸಾರು ಬೇಡ."

ಹಾಕಿದಳು. ಮುಗಿಯುತ್ತಿದ್ದ ಹಾಗೇ ಕೈ ತಾನಾಗಿ ಸೌಟಿನ ಕಡೆ ಹೋಯಿತು. ಅವತ್ತು ಸಾಯಂಕಾಲವೂ ಬಂದು ಹರಟೆ ಹೊಡೆಯುತ್ತಾ ಕೂತಿದ್ದ ಕಂಡಕ್ಟರು ಅಲ್ಲಿಂದಲೇ "ಹೋಲ್ಡಾನ್!" ಅಂದರು. "ಯಾವನಯ್ಯ ಇವ್ನು, ನಮ್ ಮನೆ ಅಡುಗೆಗೆ ಸೀಟಿ ಊದೋನು?" ಅಂತ ಅಕ್ಕ ಅವರ ಮೇಲೆ ಹೋದಳು. ಆಮೇಲೆ ಕಂಡಕ್ಟರು ಸಾಯಂಕಾಲವೂ ಬರತೊಡಗಿದರು, ಅವರಿಬ್ಬರ ಜಗಳ ಕೇಳುವುದಕ್ಕೇ ಸೊಸೆ ಕಾಯುತ್ತಿದ್ದಳು, ಕೇಳುತ್ತಾ ಬಟ್ಟಲು ಖಾಲಿಯಾಗುತ್ತಿತ್ತು.

ಎಲ್ಲ ಸರಾಗವಾಗಿ ನಡೆಯಿತು ಅಂತಲ್ಲ. ಒಂದು ದಿನ ಸೊಸೆಗೆ ಹೊಟ್ಟೆ ನೋವು ಬಂತು. ಅಕ್ಕ ಜೀರಿಗೆ ಕಷಾಯಕ್ಕೆ ನೀರಿಟ್ಟಳು, ಓಮದ ಬಿಸಿ ಗಂಟು ಕಟ್ಟಿದಳು. ನಾನು ಒಲೆ ಆರಿಸಿದೆ. ಬೈಪಾಸ್ ಆದ ಬಸುರಿಗೆ ಹೊಟ್ಟೆ ನೋವು ಬಂದರೆ ಮನೆಮದ್ದು ಮಾಡುತ್ತಾ ಕೂರಬಾರದು, ಒಳಗೆ ಕರುಳು ಸಿಕ್ಕಿಕೊಂಡಿರಬಹುದು, ಕೂಡಲೇ ಕರೆತನ್ನಿ, ಆಪರೇಷನ್ ಆಗಿದೆ ಅಂತ ಮೊದಲ ಮಾತಿನಲ್ಲೇ ಹೇಳಿ ಅಂತ ಡಾಕ್ಟರಮ್ಮ ತಾಕೀತು ಮಾಡಿದ್ದರು. ಹಿಂದಿನ ಹಾಗೆ ಗುಟ್ಟು ಇದ್ದಿದ್ದರೆ ಅಕ್ಕನ ಮುಂದೆ ಕಷಾಯ ಕುಡಿದು ಒಂದು ಗಂಟೆ ಕಳೆಯುತ್ತಿದ್ದೆವು. ಈಗ ಅಕ್ಕನೇ ಬೀದಿಗೆ ಓಡಿ ಆಟೋ ನಿಲ್ಲಿಸಿದಳು, ಆಸ್ಪತ್ರೆಯ ಬಾಗಿಲಲ್ಲಿ ಎಲ್ಲರಿಗಿಂತ ಮೊದಲು ಕೂಗಿ ಹೇಳಿದವಳೂ ಅವಳೇ: "ಬೈಪಾಸ್ ಆಗೈತೆ ನಮ್ ಹುಡುಗಿಗೆ, ಬೇಗ ನೋಡ್ರಪ್ಪ!" ಪರೀಕ್ಷೆ ಮಾಡಿ, ಮಾರನೆಯ ದಿನದವರೆಗೆ ಇಟ್ಟುಕೊಂಡು ನೋಡಿ, ಕರುಳಿಗೆ ಏನೂ ಆಗಿಲ್ಲ ಅಂದರು. "ಸುಮ್ಮನೆ ಬಂದು ತೊಂದರೆ ಕೊಟ್ಟೆವು" ಅಂತ ಸೊಸೆ ಸಂಕೋಚಪಟ್ಟಾಗ ಡಾಕ್ಟರಮ್ಮ, "ಹತ್ತು ಸಲ ಹೀಗೇ ಬನ್ನಿ" ಅಂದರು.

ಆಮೇಲಿನ ಸ್ಕ್ಯಾನಿಗೆ ಒಳಗೆ ಒಬ್ಬರನ್ನು ಮಾತ್ರ ಬಿಟ್ಟರು. ಮಗ ಹೋದ. ಹೊರಗಿನ ಬೆಂಚಿನಲ್ಲಿ ನಾನು, ಅಕ್ಕ, ಟೀಚರಮ್ಮ. ಟೀಚರಮ್ಮ ಜಪಮಾಲೆ ಎಣಿಸುತ್ತಿದ್ದರು, ಅಕ್ಕ ಚಾಮುಂಡಿಗೆ ಏನೇನೋ ಹರಕೆ ಹೊರುತ್ತಿದ್ದಳು, ನಾನು ಇಬ್ಬರ ದೇವರಿಗೂ ಕೈ ಮುಗಿದೆ. ಬಾಗಿಲು ತೆರೆದು ಸೊಸೆ ಬಂದಳು. ಎರಡು ಕೈಯನ್ನೂ ಅಗಲಿಸಿ ಅಗಲಿಸಿ ತೋರಿಸಿದಳು. ಮಗು ಬೆಳೆದಿದೆ! ಬೇಗ ಹೆರಿಗೆ ಬೇಡ, ದಿನ ತುಂಬಲಿ ಅಂದರಂತೆ. ಅಕ್ಕ ಅಲ್ಲೇ, ಆಸ್ಪತ್ರೆಯ ಅಂಗಳದಲ್ಲಿ, ಸೊಸೆಯ ಮುಖ ನೀವಿ ಎರಡೂ ಕೈ ನೆಟಿಗೆ ತೆಗೆದಳು. ನರ್ಸಮ್ಮ ಸದ್ದು ಮಾಡಬೇಡಿ ಅಂತ ಗದರಿದರು. ಗದರಲಿ.

ದಿನ ತುಂಬಿ, ನೋವು ಬಂದು, ಸುಖವಾಗಿ ಹೆರಿಗೆಯಾಯಿತು. ತೂಕ ಮೊದಲೇ ಹೇಳಿದ್ದೇನೆ, ಬೇಕಾದರೆ ಇನ್ನೊಮ್ಮೆ ಹೇಳುತ್ತೇನೆ, ಎರಡೂ ಮುಕ್ಕಾಲು ಕೆ.ಜಿ. ಮಗುವನ್ನು ನನ್ನ ಕೈಗೆ ಕೊಟ್ಟಾಗ ಅಕ್ಕ ಇಣುಕಿ, "ಕೈಕಾಲು ಗುಂಡಗವೆ ಕಣೆ" ಅಂದಳು. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ.

ಇವತ್ತು ತಾಯಿ ಮಗಳು ಮನೆಗೆ ಬಂದರು. ಮೆಸ್ಸಿಗೆ ರಜಾ ಹಾಕಿದೆ. ಸಾಯಂಕಾಲ ಮೆಸ್ಸಿನ ಬೆಂಚುಗಳನ್ನೇ ಜೋಡಿಸಿ ಎಲ್ಲರಿಗೂ ಊಟಕ್ಕೆ ಹಾಕಿದೆ. ನಾನು, ಮಗ, ಸೊಸೆ, ಅಕ್ಕ ಮತ್ತು ಅವಳ ಮನೆಯವರು. ಕಂಡಕ್ಟರು, ಟೀಚರಮ್ಮ ಬಂದರು, ಅವರು ಈಗ ಹುಡುಗಿಯ ತವರಿನವರು, ಬರದಿದ್ದರೆ ಹೇಗೆ? ಮಗು ಪಕ್ಕದ ಮಂಚದಲ್ಲಿ ಮುಷ್ಟಿ ಬಿಗಿದು ನಿದ್ದೆ ಮಾಡುತ್ತಿತ್ತು. ಬಾಣಂತಿ ನೀರು ಕುಡಿಯಬಾರದು ಅನ್ನುವ ಮಾತು ಈ ಸಲ ಅಕ್ಕನ ಬಾಯಿಂದ ಬರಲಿಲ್ಲ. ತಾನೇ ಬಿಸಿನೀರಿನ ಫ್ಲಾಸ್ಕು ತಂದು ಸೊಸೆಯ ಕೈಗೆ ಎಟುಕುವ ಹಾಗೆ ಇಟ್ಟು, "ಉಂಡು ಅರ್ಧ ಗಂಟೆ ಆದ್ಮೇಲೆ, ಗುಟುಕು ಗುಟುಕು" ಅಂತ ನನಗೇ ಪಾಠ ಹೇಳಿದಳು.

ಬಡಿಸಲು ನಿಂತವಳೂ ಅಕ್ಕನೇ. ಎಲ್ಲರಿಗೂ ಮುದ್ದೆ, ಕೋಳಿ ಸಾರು. ಸೊಸೆಯ ಮುಂದೆ ಅದೇ ಸಣ್ಣ ಬಟ್ಟಲು. ಅದಕ್ಕೆ ಬಿಡಿಸಿದ ಕೋಳಿ ಎರಡು ಚಮಚ, ಪಕ್ಕಕ್ಕೆ ಕಡಲೆಕಾಳಿನಷ್ಟು ಗಾತ್ರದ ಮುದ್ದೆಯ ಚೂರುಗಳು. ಬಟ್ಟಲು ಖಾಲಿಯಾಗುತ್ತಾ ಬಂದಾಗ ಅಕ್ಕ ಸೌಟು ಹಿಡಿದು ಬಂದು ನಿಂತಳು. ಕಂಡಕ್ಟರು ಬಾಯಿ ತೆರೆಯುವಷ್ಟರಲ್ಲಿ ಅವಳೇ ಬಗ್ಗಿ ಕೇಳಿದಳು:

"ಸಾಕೇನವ್ವ?"

"ಸಾಕು ದೊಡ್ಡತ್ತೆ."

ಅಕ್ಕ ಸೌಟನ್ನು ಪಾತ್ರೆಯಲ್ಲಿ ಇಟ್ಟಳು. ಇಟ್ಟು, ಕೈ ತೊಳೆದು ಬಂದು, ಸೊಸೆಯ ಪಕ್ಕದಲ್ಲೇ ಬೆಂಚಿಗೆ ಕೂತಳು. ನಾವೆಲ್ಲ ಅರ್ಧ ಮುಗಿಸಿದ್ದೆವು. ತನ್ನ ತಟ್ಟೆಯ ಮುದ್ದೆ ಮುರಿದಳು, ಸಾರಿನಲ್ಲಿ ಹೊರಳಿಸಿದಳು, ಬಾಯಿಗಿಟ್ಟಳು. ನುಂಗಲಿಲ್ಲ. ಪಕ್ಕದಲ್ಲಿ ಸೊಸೆ ಅಗಿಯುತ್ತಿದ್ದದ್ದನ್ನು ನೋಡಿ ತಾನೂ ಅಗಿಯತೊಡಗಿದಳು. ಮಗ ನಗಲು ಬಾಯಿ ತೆರೆದ.

"ನಕ್ಕೀಯ ಮತ್ತೆ! ನೀನೂ ಅಗಿ" ಅಂದಳು.

ಇವತ್ತು ಸಾಯಂಕಾಲ ನಮ್ಮ ಮೆಸ್ಸಿನ ಬೆಂಚುಗಳ ಮೇಲೆ ಕೂತು ಮನೆಮಂದಿಯೆಲ್ಲ ಮುದ್ದೆ ಅಗಿದೆವು.